ಹೆಸರೊಂದು, ಸಾಲೆರಡು

ಕಂತು ೯

"ನನ್ನ ಗಂಡ ಕಳ್ಳ ಅಲ್ಲ ಕಣಮ್ಮ."

ರುದ್ರಮ್ಮ ಮತ್ತೊಮ್ಮೆ ಹೇಳಿದರು. ನಿನ್ನೆಯಿಂದ ಬಂದ ಪೊಲೀಸರಿಗೂ ಟಿವಿಯವರಿಗೂ ಅವರು ಹೇಳುತ್ತಿದ್ದದ್ದು ಅದೇ ಮಾತು.

ಸಾರಕ್ಕಿಯ ಹಳೇ ಊರಿನ ಆ ಎರಡು ಕೋಣೆಯ ಮನೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಮಧುಮತಿ ಚಾಪೆಯ ಮೇಲೆ ಕೂತಿದ್ದಳು. ಬಾಗಿಲ ಬಳಿ ಹೆಡ್ ಕಾನ್‌ಸ್ಟೆಬಲ್ ಭೀಮಪ್ಪ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ನಿನ್ನೆ, ಗುರುವಾರ ಬೆಳಿಗ್ಗೆ, ಬನಶಂಕರಿಯ ಶುಭನುಡಿ ಮುದ್ರಣಾಲಯದ ಮೆಟ್ಟಿಲ ಬುಡದಲ್ಲಿ ಅಲ್ಲಿಯ ಕರಡು ತಿದ್ದುವ ಹನುಮಯ್ಯ ತಲೆಯೊಡೆದು ಸತ್ತು ಬಿದ್ದಿದ್ದರು. ಜೇಬಿನಲ್ಲಿ ಒಂದು ಮತಪತ್ರವಿತ್ತು. ಭಾನುವಾರ ನಡೆಯಬೇಕಿದ್ದ ಕಲ್ಲುಬಾವಿ ವಾರ್ಡ್ ಚುನಾವಣೆಯದು; ಅದರ ಮತಪತ್ರಗಳನ್ನು ಅಚ್ಚು ಹಾಕಿದ್ದು ಅದೇ ಮುದ್ರಣಾಲಯ. ಆದರೆ ಅದು ಅಸಲಿ ಮತಪತ್ರಕ್ಕೆ ಹೊಂದುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟಿವಿಯವರು ತೀರ್ಪು ಕೊಟ್ಟಾಗಿತ್ತು. ನಕಲಿ ಮತಪತ್ರ ಜಾಲ, ಮುದುಕನೇ ಸೂತ್ರಧಾರ.

"ಮೂವತ್ತೊಂದು ವರ್ಷ ಆ ಕೆಲಸ ಮಾಡಿದ್ರು," ಎಂದರು ರುದ್ರಮ್ಮ. "ಮನೆಗೆ ಬಂದ ಮದುವೆ ಕಾರ್ಡನ್ನೂ ಬಿಡ್ತಿರಲಿಲ್ಲ, ಪೆನ್ ತಗೊಂಡು ತಿದ್ದೋರು. ನೋಡಿ ಇಲ್ಲಿ."

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಒಂದು ಗೃಹಪ್ರವೇಶದ ಕಾರ್ಡನ್ನು ಕಿತ್ತು ಕೊಟ್ಟರು. 'ಆಮಂತ್ರಣ' ಎಂಬಲ್ಲಿ ಸೊನ್ನೆ ಬಿಟ್ಟುಹೋಗಿತ್ತು. ಬಿಟ್ಟ ಜಾಗದ ಕೆಳಗೆ ಹೆಂಚಿನ ಮಾಡಿನಂಥ ಪುಟ್ಟ ಗುರುತು, ಅಂಚಿನಲ್ಲಿ ದುಂಡನೆಯ ಸೊನ್ನೆ, ಅದರ ಪಕ್ಕಕ್ಕೊಂದು ಓರೆಗೆರೆ. ಕೆಂಪು ಶಾಯಿಯಲ್ಲಿ ಬಿಡಿಸಿಟ್ಟ ಹಾಗಿತ್ತು.

"ಕಾರ್ಡ್ ಕೊಟ್ಟೋರಿಗೆ ಬೇಜಾರಾಗಲ್ವಾ ಅಂದ್ರೆ, ತಪ್ಪು ಅವರದ್ದಲ್ಲ, ಪ್ರೆಸ್ಸಿನೋರದ್ದು ಅನ್ನೋರು. ಅಂಥೋರು ಸುಳ್ಳು ಕಾಗದ ಅಚ್ಚು ಹಾಕ್ತಾರಾ?"

"ಸಾಯೋಕೆ ಮುಂಚೆ ಏನಾದ್ರೂ ಹೇಳಿದ್ರಾ ಅಮ್ಮಾ? ಕೆಲಸದ ವಿಚಾರ?"

ರುದ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಂದ್ರು. ಮುದ್ದೆ ಮುರೀಲಿಲ್ಲ. ತಟ್ಟೆ ನೋಡ್ಕೊಂಡು, 'ಇಬ್ಬರನ್ನ ಒಬ್ಬರು ಮಾಡಿಬಿಟ್ವಿ ಕಣೆ' ಅಂದ್ರು. ಯಾರನ್ನ ಅಂದೆ. ಎದ್ದು ಕೈ ತೊಳ್ಕೊಂಡು ಹೊರಟೇ ಹೋದ್ರು."

ಮಧುಮತಿ ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಹೊರಡುವಾಗ ಮುದುಕಿ ಅವಳ ಕೈ ಹಿಡಿದುಕೊಂಡರು. "ಬೀದಿಯಲ್ಲಿ ಯಾರೂ ನಮ್ಮನೆ ಕಡೆ ತಿರುಗಿ ನೋಡ್ತಿಲ್ಲಮ್ಮ. ಹೆಣ ಹೊರೋಕೂ ನಾಲ್ಕು ಜನ ಬರ್ತಾರೋ ಇಲ್ವೋ."

"ಬರ್ತಾರೆ ಅಮ್ಮಾ. ಅವರ ಹೆಸರಿಗೆ ಅಂಟಿದ್ದನ್ನ ನಾ ತೊಳೀತೀನಿ," ಎಂದಳು ಮಧುಮತಿ. ಪೊಲೀಸರು ಹೀಗೆ ಮಾತು ಕೊಡಬಾರದು ಎಂದು ಅವಳಿಗೆ ಗೊತ್ತಿತ್ತು.

*

ಜೀಪಿನಲ್ಲಿ ಅವಳು ಎರಡು ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡಳು. ಒಂದು ಹನುಮಯ್ಯನ ಜೇಬಿನಲ್ಲಿ ಸಿಕ್ಕ ಮತಪತ್ರದ ಜೆರಾಕ್ಸ್. ಇನ್ನೊಂದು ಚುನಾವಣಾಧಿಕಾರಿಯ ಕಚೇರಿಯಿಂದ ತರಿಸಿದ ಅಸಲಿ ಮಾದರಿ. ಅದರಂತೆಯೇ ಅಚ್ಚಾದ ನಲವತ್ತೆರಡು ಸಾವಿರ ಮತಪತ್ರಗಳು ಬುಧವಾರವೇ ಭದ್ರತಾ ಕೊಠಡಿ ಸೇರಿ ಬಾಗಿಲಿಗೆ ಅರಗು ಬಿದ್ದಿತ್ತು.

ಒಂಬತ್ತು ಅಭ್ಯರ್ಥಿಗಳು, ಕೊನೆಗೆ ನೋಟಾ. ಮೊದಲು ಪಕ್ಷದವರು, ಆಮೇಲೆ ಪಕ್ಷೇತರರು. ಅಕ್ಷರದ ಗಾತ್ರ, ಚಿಹ್ನೆಗಳು, ನಡುವಿನ ಪಟ್ಟಿ ಎಲ್ಲವೂ ಒಂದೇ. ವ್ಯತ್ಯಾಸವಿದ್ದದ್ದು ಏಳು ಮತ್ತು ಎಂಟನೇ ಸಾಲಿನಲ್ಲಿ.

ಅಸಲಿಯಲ್ಲಿ ಏಳನೆಯವನು ದಾಸಪ್ಪ. ಎಂಟನೆಯವನೂ ದಾಸಪ್ಪ. ಅಷ್ಟೇ.

ಜೇಬಿನ ಹಾಳೆಯಲ್ಲಿ ಏಳನೆಯ ಹೆಸರಿನ ಕೆಳಗೆ 'ಎಳನೀರು ವ್ಯಾಪಾರಿ, ಸಾರಕ್ಕಿ' ಎಂದಿತ್ತು. ಎಂಟನೆಯದರ ಕೆಳಗೆ 'ನಿವೃತ್ತ ಬಸ್ ಚಾಲಕ, ಹೊಸಕೆರೆಹಳ್ಳಿ'.

"ನಕಲಿ ಮಾಡಾಂವ ಹೆಚ್ಚಿಗಿ ಬರದು ಸಿಕ್ಕೊಂಡಾನ್ರಿ," ಎಂದ ಭೀಮಪ್ಪ, ಸ್ಟೀರಿಂಗ್ ಮೇಲೆ ಕೈಯಿಟ್ಟು.

"ನಕಲಿ ಮಾಡಾಂವ ಇದ್ದದ್ದನ್ನ ಇದ್ದಾಂಗ ಮಾಡ್ತಾನ ಭೀಮಪ್ಪ. ಇಲ್ಲದ್ದನ್ನ ಯಾಕ ಸೇರಸ್ತಾನ?"

ಅವನು ಗೇರು ಬದಲಿಸಿದ. ಗದುಗಿನಿಂದ ಒಬ್ಬಳೇ ಈ ಊರಿಗೆ ವರ್ಗವಾಗಿ ಬಂದಾಗ ಮಧುಮತಿಗೆ ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟವನು ಇದೇ ಭೀಮಪ್ಪ. ಅವನ ಹೆಂಡತಿ ಪಾರವ್ವ ವಾರಕ್ಕೆರಡು ಸಲ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಿದ್ದಳು. ಠಾಣೆಯಲ್ಲಿ ಮಧುಮತಿ ತನ್ನೂರ ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ ಮಾತ್ರ.

"ಮಾರ್ಕೆಟ್ ಕಡಿ ತಿರಗಿಸ್ರಿ. ಈ ಎಳನೀರಿನ ದಾಸಪ್ಪನ್ನ ನೋಡೂಣು."

ಸಾರಕ್ಕಿ ಜಂಕ್ಷನ್ ದಾಟುವುದರಲ್ಲೇ ಇಪ್ಪತ್ತು ನಿಮಿಷ ಹೋಯಿತು. ಮಾರುಕಟ್ಟೆಯ ಮೂಲೆಯಲ್ಲಿ ದಾಸಪ್ಪ ಮಚ್ಚು ಹಿಡಿದು ಕಾಯಿ ಕೆತ್ತುತ್ತಿದ್ದ. ಐವತ್ತರ ಆಸುಪಾಸು, ಕೆಂಚು ಮೀಸೆ. ಗಾಡಿಯ ಮುಂದೆ ಅವನದ್ದೇ ಪೋಸ್ಟರ್ ಅಂಟಿಸಿತ್ತು, ಹೊಲಿಗೆ ಯಂತ್ರದ ಚಿಹ್ನೆಯ ಸಮೇತ.

"ನಮ್ಮ ಗಾಡಿಗಳನ್ನ ವರ್ಷಕ್ಕೆ ಮೂರು ಸಲ ಎತ್ಕೊಂಡು ಹೋಗ್ತಾರೆ ಮೇಡಂ," ಎಂದ. "ಬಿಡಿಸ್ಕೊಳ್ಳೋಕೆ ಓಡಾಡಿ ಓಡಾಡಿ ಸಾಕಾಗಿ, ಇನ್ನೂರು ಜನ ವ್ಯಾಪಾರಸ್ಥರು ಸೇರಿ ನೀನೇ ನಿಂತ್ಕೋ ಅಂದ್ರು. ಗೆಲ್ತೀನಿ ಅಂತಲ್ಲ. ನಮ್ಮೋರದ್ದೂ ಇಷ್ಟು ಓಟಿದೆ ಅಂತ ತೋರ್ಸೋಣ ಅಂತ."

ಮಧುಮತಿ ಅಸಲಿ ಮಾದರಿಯನ್ನು ಅವನ ಕೈಗಿತ್ತಳು. ಅವನು ಅದನ್ನು ಹತ್ತಿರ ಹಿಡಿದ, ದೂರ ಹಿಡಿದ. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಏಳರಲ್ಲಿ ನಿಂತ. ಎಂಟಕ್ಕೆ ಹೋದ. ಮತ್ತೆ ಏಳಕ್ಕೆ ಬಂದ.

"ಇದ್ರಲ್ಲಿ ನಾನ್ಯಾರು ಮೇಡಂ?"

"ನಿಮ್ಮ ಹೆಸರಿನ ಕೆಳಗೆ ಏನಾದ್ರೂ ಇರಬೇಕಿತ್ತಾ ಅಣ್ಣಾ?"

"ಎಳನೀರು ವ್ಯಾಪಾರಿ ಅಂತ ಬರುತ್ತೆ ಅಂತ ಆಫೀಸಲ್ಲೇ ಹೇಳಿದ್ರಲ್ಲ! ಇನ್ನೊಬ್ಬ ದಾಸಪ್ಪ ಇದ್ದಾರೆ, ಬಸ್ ಡ್ರೈವರಾಗಿದ್ದೋರು. ಇಬ್ಬರದ್ದೂ ಒಂದೇ ಹೆಸರು ಅಂತ ಅವರಿಗೂ ನನಗೂ ಹಂಗೆ ಬರೀಬೇಕು ಅಂದ್ರು. ನಾನು ಮನೆಮನೆಗೂ ಅದನ್ನೇ ಹೇಳ್ಕೊಂಡು ಬಂದಿದ್ದೀನಿ." ಅವನು ಹಾಳೆಯನ್ನು ಅವಳ ಮುಂದೆ ಹಿಡಿದ. "ಅದನ್ನ ಅಳಿಸಿದೋರು ಯಾರು?"

ಮಧುಮತಿಗೆ ಹನುಮಯ್ಯ ಊಟದ ತಟ್ಟೆಯೆದುರು ಆಡಿದ ಮಾತು ನೆನಪಾಯಿತು. ಇಬ್ಬರನ್ನ ಒಬ್ಬರು ಮಾಡಿಬಿಟ್ವಿ.

ಸತ್ತವನ ಜೇಬಿನಲ್ಲಿದ್ದದ್ದು ನಕಲಿಯಲ್ಲ. ಹಾಗಿದ್ದರೆ ಅರಗು ಬಿದ್ದ ಕೋಣೆಯೊಳಗೆ ಇರುವುದೇನು?

"ಗಾಡಿಗೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳಿ, ನನ್ನ ಜೊತೆ ಬನ್ನಿ," ಎಂದಳು.

*

ಜಯನಗರದ ಚುನಾವಣಾ ಕಚೇರಿಯ ಮೊದಲ ಮಹಡಿಯಲ್ಲಿ ಫೋನುಗಳು ಒಂದೇ ಸಮ ಹೊಡೆದುಕೊಳ್ಳುತ್ತಿದ್ದವು. ಭೀಮಪ್ಪ ಒಳಗೆ ಬರಲಿಲ್ಲ. "ಪಾರ್ಕಿಂಗ್ ಸಿಗಂಗಿಲ್ರಿ, ನಾ ಜೀಪಿನ ಹತ್ರನ ಇರ್ತೀನಿ," ಎಂದು ಕೆಳಗೇ ಉಳಿದ.

ಚುನಾವಣಾಧಿಕಾರಿ ಪ್ರಸನ್ನ ನಲವತ್ತು ದಾಟದ, ಕಣ್ಣಿಗೆ ನಿದ್ದೆಯಿಲ್ಲದ ಮನುಷ್ಯ. ಮಧುಮತಿಯನ್ನು ಕಂಡದ್ದೇ ಗಡಿಯಾರ ನೋಡಿದ.

"ಐದು ನಿಮಿಷ ಮೇಡಂ. ನಾಳೆ ಬೆಳಿಗ್ಗೆ ಬೂತ್‌ಗಳಿಗೆ ಸಾಮಾನು ಕಳಿಸಬೇಕು."

"ಸರ್, ಹೊರಗಡೆ ಬೋರ್ಡಿಗೆ ಅಭ್ಯರ್ಥಿಗಳ ಪಟ್ಟಿ ಹಾಕೀರಿ. ಅದರಾಗ ಇಬ್ಬರು ದಾಸಪ್ಪರ ಹೆಸರಿನ ಕೆಳಗೂ ಅವರವರ ಕಸುಬು, ಊರು ಐತಿ. ಮತಪತ್ರದಾಗ ಯಾಕಿಲ್ಲ?" ಅವಸರದಲ್ಲಿ ಅವಳ ನಾಲಿಗೆ ತನ್ನೂರ ಮಾತಿಗೇ ಜಾರಿತ್ತು.

"ಓ, ಅದಾ?" ಪ್ರಸನ್ನನಿಗೆ ನಿರಾಳವಾದಂತಿತ್ತು. "ಅವರೇ ಬೇಡ ಅಂದ್ರು. ಲೆಟರ್ ಕೊಟ್ಟಿದ್ದಾರೆ. ಅಭ್ಯರ್ಥಿನೇ ಬೇಡ ಅಂದ್ಮೇಲೆ ನಾನ್ಯಾಕೆ ಹಾಕ್ಲಿ? ಮೊದಲ ಪ್ರೂಫ್‌ನಲ್ಲಿ ಇದ್ದದ್ದನ್ನ ತೆಗೆಸಿ ಸೈನ್ ಮಾಡಿ ಕಳಿಸಿದೆ."

"ನಾನು ಬೇಡ ಅಂದ್ನಾ?" ಹಿಂದೆ ನಿಂತಿದ್ದ ದಾಸಪ್ಪ ಮುಂದೆ ಬಂದ. "ಯಾವಾಗ ಸಾರ್?"

ಪ್ರಸನ್ನ ಅವನನ್ನು ಆಗ ಗಮನಿಸಿದ. ಕಪಾಟಿನಿಂದ ಫೈಲು ತೆಗೆದ. ಎರಡು ಪತ್ರಗಳು ಒಂದರ ಹಿಂದೊಂದು ಇದ್ದವು. ಮೊದಲನೆಯದರಲ್ಲಿ, ತನ್ನ ಕಸುಬನ್ನು ಮತಪತ್ರದಲ್ಲಿ ಹಾಕುವುದು ತನಗೆ ಅವಮಾನವೆಂದೂ, ಬರೀ ಹೆಸರು ಸಾಕೆಂದೂ ಬರೆದಿತ್ತು. ಕೆಳಗೆ 'ದಾಸಪ್ಪ' ಎಂದು ದುಂಡು ಅಕ್ಷರದ ಸಹಿ.

"ಅವಮಾನಾನಾ?" ದಾಸಪ್ಪನ ಮುಖ ಕೆಂಪಾಯಿತು. "ಇಪ್ಪತ್ತಾರು ವರ್ಷ ಆ ಕಸುಬಲ್ಲಿ ಅನ್ನ ತಿಂದಿದ್ದೀನಿ ಸಾರ್. ಇದು ನನ್ನ ಸೈನೂ ಅಲ್ಲ. ನನ್ನದು ಹಿಂಗೆ ದುಂಡಗೆ ಬರೋದೇ ಇಲ್ಲ. ಇಲ್ಲಿ ಕೊಟ್ಟ ನಾಮಪತ್ರ ಅರಗು ಹಾಕಿದ ಕೋಣೆ ಸೇರಿದ್ರೂ ಅದರ ಕಾಪಿ ಮನೇಲಿದೆ, ತಂದು ತೋರಿಸ್ಲಾ?"

"ತಗೊಂಡು ಬನ್ನಿ ಅಣ್ಣಾ," ಎಂದಳು ಮಧುಮತಿ. "ಮತದಾರರ ಚೀಟಿ, ಸಹಿ ಇರೋ ಕಾಗದ ಏನೇನಿದೆಯೋ ಎಲ್ಲಾ ತನ್ನಿ. ಕೆಳಗೆ ನಮ್ಮ ಜೀಪಿದೆ. ಭೀಮಪ್ಪ ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ."

ದಾಸಪ್ಪ ದಡದಡನೆ ಮೆಟ್ಟಿಲಿಳಿದು ಹೋದ.

"ನೋಡಿ ಮೇಡಂ," ಎಂದ ಪ್ರಸನ್ನ, ಬಾಗಿಲು ಮುಚ್ಚಿಕೊಂಡ ಮೇಲೆ. "ಸಹಿ ಸುಳ್ಳೇ ಇರಬಹುದು. ಅದಕ್ಕೆ ಬೇರೆ ಕೇಸ್ ಹಾಕಿ. ಆದ್ರೆ ಇದರಿಂದ ಚುನಾವಣೆಗೇನು? ಒಬ್ಬರದ್ದು ಹೊಲಿಗೆ ಯಂತ್ರ, ಇನ್ನೊಬ್ಬರದ್ದು ಗ್ಯಾಸ್ ಸಿಲಿಂಡರ್. ಚಿಹ್ನೆ ನೋಡಿ ಜನ ಸೀಲ್ ಹಾಕ್ತಾರೆ. ಇಬ್ಬರೂ ಸೇರಿ ಆರುನೂರು ಓಟು ತಗೊಂಡ್ರೆ ಹೆಚ್ಚು."

"ಹಂಗಂತ ನಿಯಮದಾಗ ಐತೇನ್ರಿ ಸರ್? ಕಡಿಮಿ ಓಟಿನವರಿಗೆ ಬೇಡ ಅಂತ?"

"ನೀವು ನನಗೆ ಚುನಾವಣಾ ಕಾನೂನು ಹೇಳ್ಕೊಡ್ತೀರಾ?"

"ನಾ ಹೇಳೂದಿಲ್ಲ. ನೀವ ಓದ್ರಿ."

ಮೇಜಿನ ಮೇಲೆ ಅವನದೇ ಕೈಪಿಡಿ ಬಿದ್ದಿತ್ತು. ಪ್ರಸನ್ನ ಸಿಡುಕಿನಿಂದಲೇ ಅದನ್ನೆಳೆದುಕೊಂಡು ಮತಪತ್ರದ ಪುಟ ತೆರೆದ. ಹೆಸರುಗಳು ಕನ್ನಡದಲ್ಲಿರಬೇಕು. ಪಟ್ಟಿಯಲ್ಲಿದ್ದ ಕ್ರಮದಲ್ಲೇ ಇರಬೇಕು. ಎಲ್ಲರದ್ದೂ ಒಂದೇ ಅಳತೆಯ ಅಕ್ಷರವಿರಬೇಕು. ಅವನು ಗಟ್ಟಿಯಾಗಿ ಓದುತ್ತ ಬಂದ. ಮುಂದಿನ ವಾಕ್ಯಕ್ಕೆ ಬಂದಾಗ ಧ್ವನಿ ತಗ್ಗಿತು.

"ಇಬ್ಬರು ಅಥವಾ ಹೆಚ್ಚು ಅಭ್ಯರ್ಥಿಗಳು ಒಂದೇ ಹೆಸರಿನವರಾಗಿದ್ದರೆ, ಅವರ ವೃತ್ತಿಯನ್ನೋ ವಾಸಸ್ಥಳವನ್ನೋ ಸೇರಿಸಿ... ಪ್ರತ್ಯೇಕಿಸತಕ್ಕದ್ದು."

ಕೊನೆಯ ಪದವನ್ನು ಅವನು ಎರಡು ಸಲ ಓದಿದ.

"ತಕ್ಕದ್ದು ಅಂದ್ರ ಮಾಡಲೇಬೇಕು," ಎಂದಳು ಮಧುಮತಿ ಮೆಲ್ಲಗೆ. "ಅಭ್ಯರ್ಥಿ ಬೇಡ ಅಂದ್ರೂ ಬಿಡೂ ಹಾಂಗಿಲ್ಲ. ಇದು ದಾಸಪ್ಪನ ಸಲುವಾಗಿ ಮಾಡಿದ್ದಲ್ಲ ಸರ್. ಸೀಲು ಕೈಯಾಗ ಹಿಡಕೊಂಡು ನಿಂತಾಕಿ ಸಲುವಾಗಿ ಮಾಡಿದ್ದು. ಆಕಿಗೆ ಯಾರು ಯಾರು ಅಂತ ತಿಳೀಬೇಕು."

ಪ್ರಸನ್ನ ಆ ವಾಕ್ಯದ ಮೇಲೆ ಬೆರಳಿಟ್ಟ. ಅವನು ನೀರಿನ ಲೋಟ ಎತ್ತಿದ. ಕುಡಿಯದೆ ಹಾಗೇ ಇಟ್ಟ.

"ನಲವತ್ತೆರಡು ಸಾವಿರ," ಎಂದ. "ನಲವತ್ತೆರಡು ಸಾವಿರವೂ ತಪ್ಪು. ನನ್ನ ಸೈನ್ ಇದೆ."

"ಇದರಿಂದ ಯಾರಿಗೇನು ಲಾಭ ಸರ್? ಅದೊಂದು ತಿಳೀವಲ್ದು. ಇಬ್ಬರೂ ಗೆಲ್ಲೂ ಮಂದಿ ಅಲ್ಲ."

ಪ್ರಸನ್ನ ಕೈಪಿಡಿಯನ್ನು ಮುಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಕೆಟ್ಟ ಕನಸು ಹೇಳುವವನಂತೆ ಹೇಳತೊಡಗಿದ.

"ಸೋಲೋನಿಗೆ ಲಾಭ ಮೇಡಂ. ಈ ವಾರ್ಡಲ್ಲಿ ಪೈಪೋಟಿ ಇರೋದು ನರೇಂದ್ರಗೂ ಮೇಘಶ್ರೀಗೂ. ಐನೂರು ಓಟು ಆಚೀಚೆ. ಅವರಿಬ್ಬರಲ್ಲಿ ಯಾರಿಗಾದ್ರೂ ಈ ತಪ್ಪು ಮೊದಲೇ ಗೊತ್ತಿದ್ರೆ? ಗೆದ್ರೆ ಸುಮ್ಮನಿರ್ತಾರೆ. ಸೋತ್ರೆ ಮರುದಿನವೇ ಕೋರ್ಟಿಗೆ ಹೋಗ್ತಾರೆ. ಮತಪತ್ರವೇ ನಿಯಮದ ಪ್ರಕಾರ ಇಲ್ಲ, ಒಬ್ಬ ದಾಸಪ್ಪನ ಓಟು ಇನ್ನೊಬ್ಬನಿಗೆ ಬಿದ್ದಿದೆ, ಚುನಾವಣೆ ರದ್ದು ಮಾಡಿ ಅಂತ. ಗೆದ್ದೋರು ವರ್ಷಗಟ್ಟಲೆ ಕೋರ್ಟಲ್ಲೇ ಅಲೀಬೇಕು."

ಮಧುಮತಿ ದಂಗಾಗಿ ಕೂತಳು. ಓಟು ಕದಿಯುವವರನ್ನು ಅವಳು ಕಂಡಿದ್ದಳು. ಪೆಟ್ಟಿಗೆ ಹೊತ್ತೊಯ್ದವರನ್ನೂ ಕಂಡಿದ್ದಳು. ಆದರೆ ಇಡೀ ಚುನಾವಣೆಗೆ ಮೊದಲೇ ವಿಷ ಹಾಕಿಟ್ಟು, ಬೇಕಾದರೆ ಸಾಯಿಸೋಣ ಎಂದು ಕಾಯುವವರನ್ನು ಕಂಡಿರಲಿಲ್ಲ. ಅದೂ ಇಡೀ ವಾರ್ಡಿನ ಇಬ್ಬರು ಬಡವರ ಹೆಸರಿನ ಕೆಳಗಿನ ಎರಡೇ ಎರಡು ಸಾಲು ಅಳಿಸಿ.

"ಆಯೋಗಕ್ಕೆ ಹೇಳಬೇಕು," ಎಂದು ಪ್ರಸನ್ನ ಫೋನಿನತ್ತ ಕೈ ಚಾಚಿದ. "ಮತ್ತೆ ಅಚ್ಚು ಹಾಕಿಸೋಕೆ ಆಗುತ್ತೋ, ಮುಂದೂಡಬೇಕೋ... ಅಯ್ಯೋ ದೇವರೇ."

"ಮಾಡ್ರಿ. ಅಷ್ಟರಾಗ ನಾ ಈ ಪತ್ರ ನೋಡ್ತೀನಿ."

ಅವಳು ಎರಡು ಪತ್ರಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲನೆಯದು ಎಳನೀರಿನ ದಾಸಪ್ಪನ ಹೆಸರಿನದು, ಎರಡನೆಯದು ಚಾಲಕ ದಾಸಪ್ಪನದು. ಒಂದೇ ಕಾಗದ, ಒಂದೇ ಶಾಯಿ. ಅಕ್ಷರವನ್ನು ಒಂದರಲ್ಲಿ ಓರೆ ಮಾಡಿ, ಇನ್ನೊಂದರಲ್ಲಿ ನೆಟ್ಟಗೆ ಮಾಡಿ ಬರೆದಿದ್ದರೂ ಬರೆದವನು ಒಬ್ಬನೇ.

ಎರಡನೆಯ ಪತ್ರದ ಮೂರನೇ ಸಾಲಿನಲ್ಲಿ 'ಮತಪತ್ರದಲ್ಲಿ' ಎಂಬ ಪದದಲ್ಲಿ ಒಂದು 'ತ' ಬಿಟ್ಟುಹೋಗಿತ್ತು.

ಬಿಟ್ಟ ಜಾಗದ ಕೆಳಗೆ ಹೆಂಚಿನ ಮಾಡಿನಂಥ ಪುಟ್ಟ ಗುರುತು. ಅಂಚಿನಲ್ಲಿ 'ತ'. ಅದರ ಪಕ್ಕಕ್ಕೊಂದು ಓರೆಗೆರೆ.

ಮಧುಮತಿ ಕಾಗದವನ್ನು ಕಣ್ಣಿಗೆ ಇನ್ನೂ ಹತ್ತಿರ ತಂದಳು. ಬೇರೆ ಯಾರಾದರೂ ಆಗಿದ್ದರೆ ಹೊಡೆದುಹಾಕಿ ಬರೆಯುತ್ತಿದ್ದರು, ಇಲ್ಲವೇ ಮೇಲೆ ತುರುಕುತ್ತಿದ್ದರು. ಸುಳ್ಳು ಪತ್ರ ಬರೆಯುವಾಗಲೂ ಹೀಗೆ ತಿದ್ದುವ ಕೈ ಒಂದೇ. ಮೂವತ್ತೊಂದು ವರ್ಷ ಅದನ್ನೇ ಮಾಡಿದ ಕೈ.

"ಸರ್," ಎಂದಳು. ಪತ್ರಗಳನ್ನು ಅವನ ಮುಂದಿಟ್ಟಳು. "ಇವನ್ನ ಇಲ್ಲಿ ತಂದುಕೊಟ್ಟವರು ಯಾರು?"

ಪ್ರಸನ್ನ ಫೋನನ್ನು ಕಿವಿಗೊತ್ತಿಕೊಂಡೇ ಪತ್ರದ ಮೇಲಿನ ಮೊಹರು ನೋಡಿದ. "ಕಳೆದ ಶನಿವಾರ, ಹನ್ನೊಂದೂ ನಲವತ್ತು. ಕೆಳಗಡೆ ಟಪಾಲು ಕೌಂಟರಲ್ಲಿ. ಅಲ್ಲಿ ಕ್ಯಾಮೆರಾ ಇದೆ. ಕಂಪ್ಯೂಟರಲ್ಲೇ ನೋಡಬಹುದು."

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಶನಿವಾರದ ಕೌಂಟರು ಮೂಡಿತು. ಒಬ್ಬ ಹೆಂಗಸು ಬಂದು ಹೋದಳು. ಒಬ್ಬ ವಕೀಲ ಬಂದು ಹೋದ.

ಹನ್ನೊಂದೂ ಮೂವತ್ತೊಂಬತ್ತಕ್ಕೆ ಬಿಳಿ ಅಂಗಿಯ ಮುದುಕರೊಬ್ಬರು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಜೇಬಿನಿಂದ ಎರಡು ಕಾಗದ ತೆಗೆದು ಕೌಂಟರಿನ ಮೇಲಿಟ್ಟು ತಲೆ ತಗ್ಗಿಸಿ ನಿಂತರು.

ಹನುಮಯ್ಯ.

ನಿನ್ನೆ ಬಟ್ಟೆ ಸರಿಸಿ ಅವಳೇ ನೋಡಿದ್ದ ಮುಖ. ಮಧುಮತಿಗೆ ರುದ್ರಮ್ಮನ ಒಣಗಿದ ಕೈಗಳು ತನ್ನ ಮುಂಗೈಯನ್ನು ಇನ್ನೂ ಹಿಡಿದಿರುವಂತೆ ಅನಿಸಿತು. ತೊಳೀತೀನಿ ಎಂದಿದ್ದಳಲ್ಲ? ಸುಳ್ಳು ಬರೆದುಕೊಟ್ಟವರು ಸರಿಯಾದ ಮತಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಸತ್ತದ್ದೇಕೆ? ಮಾಡಿದ್ದನ್ನು ಯಾರಿಗಾದರೂ ಹೇಳಲು ಹೊರಟಿದ್ದರೇ?

"ಒಂದ್ ನಿಮಿಷ," ಎಂದ ಪ್ರಸನ್ನ. "ಅವರ ಹಿಂದೆ ಯಾರೋ ಇದ್ದಾರೆ."

ಮುದುಕರ ಹೆಗಲ ಮೇಲೊಂದು ಕೈಯಿತ್ತು. ಸ್ನೇಹದ ಕೈಯಲ್ಲ. ಅಂಗಿಯ ಬಟ್ಟೆ ಸುಕ್ಕಾಗುವಷ್ಟು ಬೆರಳುಗಳು ಊರಿದ್ದವು. ಗುಮಾಸ್ತ ಮೊಹರು ಒತ್ತಿದ. ಮುದುಕರು ತಿರುಗಿದರು. ಅವರ ಹಿಂದಿದ್ದ ದಪ್ಪ ಮೈಕಟ್ಟಿನ ಮನುಷ್ಯ ಪಕ್ಕಕ್ಕೆ ಸರಿದು, ಅರೆಗಳಿಗೆ ತಲೆಯೆತ್ತಿ ನೇರ ಕ್ಯಾಮೆರಾ ಕಡೆ ನೋಡಿದ.

ಖಾಕಿಯಿರಲಿಲ್ಲ. ಚೌಕಳಿ ಅಂಗಿ ತೊಟ್ಟಿದ್ದ. ಪಾರವ್ವನಿಗೆ ಜ್ವರ ಎಂದು ಹೇಳಿ ಶನಿವಾರ ಅವನು ರಜೆ ಹಾಕಿದ್ದ.

ಪ್ರಸನ್ನ ಏನೋ ಕೇಳುತ್ತಿದ್ದ. ಮಧುಮತಿಗೆ ಕೇಳಿಸಲಿಲ್ಲ. ಹೆಣದ ಬಳಿಗೆ ಮೊದಲು ಹೋದವನು ಭೀಮಪ್ಪ. ಬೆಳಿಗ್ಗೆಯಿಂದ ಅವಳು ಆಡಿದ ಪ್ರತಿ ಮಾತು ಕೇಳಿಸಿಕೊಂಡವನು ಭೀಮಪ್ಪ.

ಈ ಪತ್ರ ಸುಳ್ಳೆಂದು ಹೇಳಬಲ್ಲ ಸಾಕ್ಷಿಯನ್ನು ಅವಳೇ ತನ್ನ ಬಾಯಾರೆ ಅವನ ಜೀಪು ಹತ್ತಿಸಿದ್ದಳು. ಐವತ್ತು ನಿಮಿಷವಾಗಿತ್ತು.

ಅವಳು ಕಿಟಕಿಗೆ ಓಡಿದಳು. ಕೆಳಗೆ ಜೀಪಿರಲಿಲ್ಲ. ದಾಸಪ್ಪನ ನಂಬರು ಒತ್ತಿದಳು. ಸ್ವಿಚ್ ಆಫ್. ಮತ್ತೆ ಒತ್ತಿದಳು. ಸ್ವಿಚ್ ಆಫ್.

ಭೀಮಪ್ಪನ ನಂಬರಿಗೆ ಮಾಡಿದಳು. ಎರಡನೇ ರಿಂಗಿಗೇ ಎತ್ತಿದ.

"ಹೇಳ್ರಿ ಮೇಡಂ."

"ಎಲ್ಲದೀರಿ ಭೀಮಪ್ಪ?"

"ಸ್ಟೇಷನ್ನಾಗ ಅದೀನ್ರಿ."

"ಮತ್ತ ದಾಸಪ್ಪ?"

ಅವನು ರೊಟ್ಟಿ ಬುತ್ತಿ ಕೊಡುವಾಗ ಮಾತಾಡುವ ಅದೇ ಮೆದು ಧ್ವನಿಯಲ್ಲಿ ಕೇಳಿದ:

"ಯಾವ ದಾಸಪ್ಪರಿ ಮೇಡಂ?"